ದುಡಿಯುವ ಕೈಗೂ ಬರೆಯುವ ಕೈಗೂ ಎರಡು ನಿಮಿಷ

(ಕನ್ನಡ ಮಾಧ್ಯಮ ಶಾಲೆಗಳ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಪಠ್ಯಪುಸ್ತಕ ಬಂತೇ, ಶಿಕ್ಷಕರ ಹುದ್ದೆ ಭರ್ತಿಯಾಯಿತೇ, ಹತ್ತನೆಯ ತರಗತಿಯ ಫಲಿತಾಂಶ ಏನಾಯಿತು ಎಂಬ ಮಾತುಗಳೇ ನಡೆಯುತ್ತವೆ. ನಡೆಯಬೇಕಾದ ಮಾತುಗಳೇ ಅವು. ಇಂದು ನಾನು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಅದು ನಮ್ಮ ಕೈ. ಮೊಣಕೈಯಿಂದ ಬೆರಳ ತುದಿಯವರೆಗಿನ ಭಾಗ. ಇದಕ್ಕೂ ಕನ್ನಡ ಶಾಲೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ, ಅದನ್ನೇ ಮೊದಲು ಹೇಳುತ್ತೇನೆ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಎಷ್ಟೋ ಮನೆಗಳ ಅನ್ನ. ದಪ್ಪ ಬಟ್ಟೆಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು ಮಿಷನ್ನಿನ ಸೂಜಿಯ ಕೆಳಗೆ ನೂಕಬೇಕು. ಹೊಲಿದಾದ ಮೇಲೆ ಉಳಿದ ದಾರಗಳನ್ನು ಪುಟ್ಟ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಬೇಕು. ಪೀಸಿನ ಲೆಕ್ಕದ ಕೂಲಿಯಾದರೆ ಕೈ ನಿಂತಾಗ ಲೆಕ್ಕವೂ ನಿಂತಿತು. ಮಡಕಶಿರಾ, ಅಗಳಿ, ರೊಳ್ಳ, ಗುಡಿಬಂಡ, ಅಮರಾಪುರದ ಕಡೆ ಹಿಪ್ಪುನೇರಳೆ ಸೊಪ್ಪು ಬಿಡಿಸುವುದು, ಚಂದ್ರಿಕೆಯಿಂದ ರೇಷ್ಮೆಗೂಡು ಕೀಳುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು. ಶೇಂಗಾ ಅನ್ನಿ, ಕಡಲೆಕಾಯಿ ಅನ್ನಿ, ಅದನ್ನು ಬಿಡಿಸಿ ಸುಲಿಯುವುದು ಎರಡೂ ಕಡೆ ಇದ್ದದ್ದೇ. ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮಡಕಶಿರಾ 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆಯಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗಳು ಬದಲಾದವು, ನಮ್ಮ ಜನರ ಕೆಲಸ ಮಾತ್ರ ಕೈಕೆಲಸವಾಗಿಯೇ ಉಳಿದಿದೆ.

ಈಗ ಯೋಚಿಸಿ ನೋಡಿ. ಸಂಜೆ ತಾಯಿಯ ಮುಂಗೈ ಬಿಗಿದುಕೊಂಡು, ಕತ್ತರಿ ಹಿಡಿಯಲು ಬೆರಳು ಮಡಚಲಾಗದಿದ್ದರೆ ಆ ಕತ್ತರಿ ಯಾರ ಕೈಗೆ ಹೋಗುತ್ತದೆ? ಹೆಚ್ಚಿನ ಮನೆಗಳಲ್ಲಿ ಮಗಳ ಕೈಗೆ. ಮೊದಲು ಸಂಜೆ ಒಂದು ಗಂಟೆ. ಆಮೇಲೆ ಮಾಲು ಒಪ್ಪಿಸುವ ದಿನ ಬೆಳಿಗ್ಗೆಯೂ. ಆಮೇಲೆ ಹಾಜರಿ ಪುಸ್ತಕದಲ್ಲಿ ವಾರಕ್ಕೆ ಎರಡು ಗೈರುಹಾಜರಿ. ಎಂಟನೆಯ ತರಗತಿಯ ಹುಡುಗಿ ಶಾಲೆ ಬಿಡುವುದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ, ಹೀಗೆ ಸ್ವಲ್ಪ ಸ್ವಲ್ಪವಾಗಿ ಆಗುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯ ಯತ್ನಿಸಬೇಕು ಎನ್ನುವ 350ಎ ವಿಧಿ 1956ರಲ್ಲೇ ಸಂವಿಧಾನಕ್ಕೆ ಸೇರಿದೆ. ಆ ಸೌಲಭ್ಯವನ್ನು ಗಟ್ಟಿಯಾಗಿ ಕೇಳಬೇಕಾದರೆ ನಮ್ಮ ತರಗತಿಗಳಲ್ಲಿ ಮಕ್ಕಳು ಕುಳಿತಿರಬೇಕು. ಹಾಗಾಗಿ ತಾಯಿಯ ಮಣಿಕಟ್ಟು ಗಟ್ಟಿಯಾಗಿರುವುದು ಶಾಲೆಯ ವಿಷಯವೂ ಹೌದು.

ಕೈ ಬಿಗಿಯುವುದು ಏಕೆ?

ತಾವೆಲ್ಲರೂ ಒಂದು ಚಿಕ್ಕ ಪರೀಕ್ಷೆ ಮಾಡಿ. ಎಡಗೈಯಿಂದ ಬಲಗೈಯ ಮುಂಗೈಯನ್ನು, ಮೊಣಕೈಯ ಸ್ವಲ್ಪ ಕೆಳಗೆ, ಮೆಲ್ಲಗೆ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಪಿಯಾನೋ ನುಡಿಸುವಂತೆ, ತಬಲಾ ಬಾರಿಸುವಂತೆ ಆಡಿಸಿ. ಎಡಗೈಗೆ ಏನು ತಿಳಿಯಿತು? ಬೆರಳು ಆಡುವಾಗ ಮುಂಗೈಯ ಮಾಂಸಖಂಡ ಮಿಸುಕುತ್ತದೆ. ಬೆರಳನ್ನು ಮಡಿಸಿ ಬಿಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಹಗ್ಗದಂಥ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ಸೂತ್ರದ ಬೊಂಬೆಯ ದಾರದಂತೆ ಮುಂಗೈ ಎಳೆದರೆ ಬೆರಳು ಆಡುತ್ತದೆ.

ಮಡಿಸುವ ಸ್ನಾಯುಗಳಲ್ಲಿ ಹೆಚ್ಚಿನವು ಮೊಣಕೈಯ ಒಳಬದಿಯ ಮೂಳೆಯ ಗುಬುಟಿನಿಂದ ಹೊರಡುತ್ತವೆ. ಬಿಡಿಸಿ ಮೇಲೆತ್ತುವವು ಹೊರಬದಿಯ ಗುಬುಟಿನಿಂದ. ದಾರ ಕತ್ತರಿಸುವವರಿಗೆ ಮಣಿಕಟ್ಟಿನಲ್ಲಿ ಕೆಲಸ, ಮೊಣಕೈಯ ಬಳಿ ನೋವು ಏಕೆಂದು ಈಗ ಅರ್ಥವಾಗಿರಬೇಕು.

ಸ್ನಾಯು ಸಂಕುಚಿಸಿ ಸಡಿಲವಾಗುತ್ತಿದ್ದರೆ ರಕ್ತ ಬಂದು ಹೋಗುತ್ತದೆ. ಸಡಿಲ ಬಿಡದೆ ಹಿಡಿದೇ ಇದ್ದರೆ ಒಳಗಿನ ರಕ್ತಸಂಚಾರ ಕುಗ್ಗುತ್ತದೆ, ದಣಿವು ತುಂಬುತ್ತದೆ, ಬಿಗಿತ ಬರುತ್ತದೆ. ಭಾರ ಎತ್ತಿದರೆ ಮಾತ್ರ ಕೈ ದಣಿಯುತ್ತದೆ ಎಂದುಕೊಳ್ಳಬೇಡಿ. ಒಂದು ಪೆನ್ಸಿಲನ್ನೇ ಒಂದು ಗಂಟೆ ಬಿಗಿಯಾಗಿ ಹಿಡಿದರೂ ದಣಿಯುತ್ತದೆ.

ಇದು ಇಂದಿನ ವಿಷಯವೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ. ಅದರ 1713ರ ಆವೃತ್ತಿಯಲ್ಲಿ ಗುಮಾಸ್ತರ ಕೈನೋವಿನ ಮಾತು ಬರುತ್ತದೆ. ಸದಾ ಕುಳಿತೇ ಇರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಲೇ ಇರುವುದು, ತಪ್ಪಾದೀತೆಂದು ಮನಸ್ಸು ಬಿಗಿಹಿಡಿದಿರುವುದು, ಈ ಮೂರೂ ಕಾರಣವೆಂದು ಅವನು ಹೇಳಿದ. ಅವನಿಗೆ ಪರಿಚಯದ ಒಬ್ಬ ಬರವಣಿಗೆಗಾರನ ಬಲಗೈ ಸೋತುಹೋಯಿತಂತೆ. ಆತ ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲದಲ್ಲೇ ಎಡಗೈಗೂ ಅದೇ ಗತಿಯಾಯಿತು. ಕೈ ಬದಲಾಯಿಸಿದರೆ ಸಾಲದು, ದುಡಿಯುವ ರೀತಿಯನ್ನೇ ಬದಲಾಯಿಸಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮಾಡಬೇಕಾದದ್ದು

ನಮ್ಮಲ್ಲಿ ಕೈ ಬಿಗಿದರೆ ನೆಟಿಕೆ ಮುರಿಯುವುದು, ಕೈ ಝಾಡಿಸುವುದು ವಾಡಿಕೆ. ಅದರಿಂದ ಒಂದು ಕ್ಷಣ ಹಾಯೆನಿಸಬಹುದು. ಆದರೆ ಮುಂಗೈಯ ಸ್ನಾಯು ಉದ್ದವಾಗಿ ಚಾಚಿಕೊಳ್ಳುವುದಿಲ್ಲ. ಅದಕ್ಕೆ ಈ ಐದು ಚಲನೆಗಳಿವೆ. ಚಾಪೆ, ಸಾಮಾನು ಯಾವುದೂ ಬೇಡ. ಮಿಷನ್ನಿನ ಮುಂದೆ ಕುಳಿತಲ್ಲೇ, ಹೊಲದ ಬದುವಿನ ಮೇಲೆ ನಿಂತಲ್ಲೇ ಮಾಡಬಹುದು.

ಒಂದನೆಯದು, ಒಳಮುಂಗೈಗೆ. ಬಲಗೈಯನ್ನು ಮುಂದೆ ನೇರ ಚಾಚಿ. ನಿಲ್ಲಿ ಎಂದು ಬಸ್ಸಿಗೆ ಕೈ ತೋರಿಸುವಂತೆ ಅಂಗೈ ಎದುರಿಗಿರಲಿ, ಬೆರಳು ಮೇಲಿರಲಿ. ಎಡಗೈಯಿಂದ ಆ ಬೆರಳುಗಳನ್ನು ಮೆಲ್ಲಗೆ ನಿಮ್ಮ ಕಡೆಗೆ ಎಳೆಯಿರಿ. ಮುಂಗೈಯ ಒಳಭಾಗದಲ್ಲಿ ಎಳೆತ ತಿಳಿದ ಕೂಡಲೇ ಅಲ್ಲೇ ನಿಲ್ಲಿಸಿ, ಇಪ್ಪತ್ತು ಎಣಿಸಿ, ಬಿಡಿ.

ಎರಡನೆಯದು, ಹೊರಮುಂಗೈಗೆ. ಅದೇ ಕೈ ಮುಂದೆ ಚಾಚಿರಲಿ, ಅಂಗೈ ನೆಲ ನೋಡಲಿ. ಈಗ ಮಣಿಕಟ್ಟು ಬಾಗಿಸಿ ಬೆರಳುಗಳನ್ನು ನೆಲದ ಕಡೆ ಇಳಿಬಿಡಿ. ಎಡಗೈಯಿಂದ ಬಲಗೈಯ ಹಿಂಭಾಗವನ್ನು ಹಗುರವಾಗಿ ಒತ್ತಿ. ಇಪ್ಪತ್ತು ಎಣಿಸಿ. ಕತ್ತರಿ ಹಿಡಿಯುವವರಿಗೂ ಬಟ್ಟೆ ನೂಕುವವರಿಗೂ ಇದು ಮುಖ್ಯ.

ಮೂರನೆಯದು, ನಮಸ್ಕಾರ. ಎರಡೂ ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ. ಅಂಗೈ ಬಿಡದಂತೆ ಕೈಗಳನ್ನು ನಿಧಾನವಾಗಿ ಸೊಂಟದ ಕಡೆಗೆ ಇಳಿಸಿ. ಮೊಣಕೈಗಳು ತಾವಾಗಿ ಹೊರಗೆ ಬರುತ್ತವೆ. ಎಳೆತ ತಿಳಿದಲ್ಲಿ ನಿಲ್ಲಿಸಿ, ಇಪ್ಪತ್ತು ಎಣಿಸಿ.

ನಾಲ್ಕನೆಯದು, ಬೆರಳಿಗೆ. ಬೆರಳುಗಳನ್ನು ನೇರ ಚಾಚಿ. ಬಳಿಕ ಬುಡದ ಗೆಣ್ಣು ನೇರವಾಗಿಯೇ ಇದ್ದು ಮೇಲಿನ ಎರಡು ಗೆಣ್ಣು ಮಾತ್ರ ಮಡಿಯುವಂತೆ ಕೊಕ್ಕೆ ಮಾಡಿ. ಬಳಿಕ ಪೂರ್ತಿ ಮುಷ್ಟಿ, ಆದರೆ ಬಿಗಿಯದೆ. ಮತ್ತೆ ನೇರ. ಹೀಗೆ ಐದು ಸಲ. ಸ್ನಾಯುರಜ್ಜುಗಳು ಮಣಿಕಟ್ಟಿನಲ್ಲಿ ಸರಾಗವಾಗಿ ಸರಿದಾಡಲು ಇದು ಸಹಾಯಕ.

ಐದನೆಯದು, ತಿರುಗಿಸುವುದು. ಮೊಣಕೈ ಪಕ್ಕೆಗೆ ತಾಗಿರಲಿ. ಪ್ರಸಾದ ತೆಗೆದುಕೊಳ್ಳುವಂತೆ ಅಂಗೈ ಮೇಲೆ ಮಾಡಿ, ಹಾಗೆಯೇ ನಿಧಾನವಾಗಿ ಬೋರಲು ಮಾಡಿ. ಐದು ಸಲ.

ನಿಯಮಗಳು ನಾಲ್ಕೇ. ಜಗ್ಗಿ ಜಗ್ಗಿ ಎಳೆಯಬಾರದು, ನಿಧಾನವಾಗಿ ಎಳೆದು ನಿಲ್ಲಿಸಬೇಕು. ಎಳೆತ ಇರಬೇಕು, ನೋವು ಇರಬಾರದು. ಉಸಿರು ಕಟ್ಟಬಾರದು. ಎರಡೂ ಕೈಗೆ ಮಾಡಬೇಕು. ಒಂದು ಗಂಟೆಯ ಕೆಲಸಕ್ಕೆ ಎರಡು ನಿಮಿಷ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಐದೂ ಮುಗಿಯದಿದ್ದರೆ ಮೊದಲ ಎರಡನ್ನು ಮಾಡಿ, ಉಳಿದದ್ದು ಮುಂದಿನ ಗಂಟೆಗೆ.

“ಮೇಷ್ಟ್ರೇ, ಪೀಸಿನ ಲೆಕ್ಕದವರಿಗೆ ಎರಡು ನಿಮಿಷ ಎಲ್ಲಿಂದ ಬರಬೇಕು?” ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ. ಎಂಟು ಗಂಟೆ ದುಡಿದರೆ ಗಂಟೆಗೆ 2 ನಿಮಿಷದಂತೆ 16 ನಿಮಿಷ. ವಾರಕ್ಕೆ ಆರು ದಿನವಾದರೆ 96 ನಿಮಿಷ. ಕೈ ಹಿಡಿದುಕೊಂಡು ಒಂದು ದಿನ ಮನೆಯಲ್ಲಿ ಕುಳಿತರೆ ಹೋಗುವುದು 480 ನಿಮಿಷ. ಅದರ ಮೇಲೆ ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು, ಮಾತ್ರೆಯ ಖರ್ಚು. ಯಾವುದು ಅಗ್ಗ ಎಂದು ತಾವೇ ತೀರ್ಮಾನಿಸಿ.

ಚಾಚುವುದರಿಂದ ಎಲ್ಲವೂ ಗುಣವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಅದು ಬಿಗಿತವನ್ನು ಸಡಿಲಿಸುತ್ತದೆ. ಬಿಗಿತದ ಕಾರಣ ಹಾಗೇ ಉಳಿದರೆ ಅದು ಮತ್ತೆ ಬರುತ್ತದೆ. ಆದ್ದರಿಂದ ಕತ್ತರಿಗೆ ಸಾಣೆ ಹಿಡಿಸಿ. ಮೊಂಡು ಕತ್ತರಿ ಪ್ರತಿ ದಾರಕ್ಕೂ ಹೆಚ್ಚು ಬಲ ಕೇಳುತ್ತದೆ. ಮಿಷನ್ನಿನ ಮುಂದೆ ಕುಳಿತಾಗ ಮೊಣಕೈ ಹೆಚ್ಚುಕಡಿಮೆ ಮೇಜಿನ ಮಟ್ಟದಲ್ಲಿರುವಂತೆ ಸ್ಟೂಲಿನ ಎತ್ತರ ಸರಿಮಾಡಿ. ಮಣಿಕಟ್ಟು ಮುರಿದಂತೆ ಬಾಗಿರದೆ ಮುಂಗೈಗೆ ನೇರವಾಗಿರಲಿ. ಒಂದು ಗಂಟೆ ಹೊಲಿದರೆ ಸ್ವಲ್ಪ ಹೊತ್ತು ಮಡಚಿಡುವ ಕೆಲಸ ಮಾಡಿ. ಹುಣಸೆ, ಕಡಲೆಕಾಯಿ ಕೆಲಸದಲ್ಲಿಯೂ ಅಷ್ಟೇ. ಇಡೀ ದಿನ ಒಂದೇ ಬೆರಳಿಗೆ ಕೆಲಸ ಕೊಡಬೇಡಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಬಿಗಿತ ಬೇರೆ, ಜೋಮು ಬೇರೆ. ಮಣಿಕಟ್ಟಿನ ಒಳಬದಿಯಲ್ಲಿ ಒಂದು ಕಿರಿದಾದ ದಾರಿಯಿದೆ. ಅದರಲ್ಲಿ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಒತ್ತೊತ್ತಾಗಿ ಹೋಗುತ್ತವೆ. ಅಲ್ಲಿ ಊತ ಬಂದರೆ ನರ ಒತ್ತಿಕೊಳ್ಳುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಜೋಮು ಹಿಡಿಯುತ್ತವೆ. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ, ಕೈ ಝಾಡಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಬರಬರುತ್ತಾ ಲೋಟ ಕೈಜಾರುತ್ತದೆ, ಗುಂಡಿ ಹಾಕಲಾಗುವುದಿಲ್ಲ. ಇದಕ್ಕೆ ಕಾರ್ಪಲ್ ಟನಲ್ ತೊಂದರೆ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಕೊರತೆ ಇರುವವರಲ್ಲಿ ಇನ್ನೂ ಹೆಚ್ಚು. ಇದಕ್ಕೆ ಕೈ ಚಾಚುತ್ತಾ ಕೂರಬಾರದು, ವೈದ್ಯರನ್ನು ಕಾಣಬೇಕು. ಆರಂಭದಲ್ಲೇ ಹೋದರೆ ರಾತ್ರಿ ಮಣಿಕಟ್ಟು ನೇರವಾಗಿಡುವ ಪಟ್ಟಿಯಿಂದಲೇ ಹಲವರಿಗೆ ಉಪಶಮನವಾಗುತ್ತದೆ. ತಡಮಾಡಿದರೆ ಹೆಬ್ಬೆರಳಿನ ಬುಡದ ಸ್ನಾಯು ಕರಗಿಹೋಗಬಹುದು.

ಇಲ್ಲಿ ನಮ್ಮ ಭಾಷೆಯ ಮಾತೂ ಬರುತ್ತದೆ. ಆಸ್ಪತ್ರೆಯಲ್ಲಿ ತೆಲುಗಿನಲ್ಲಿ ಮಾತಾಡಬೇಕಾದಾಗ ನಮ್ಮ ತಾಯಂದಿರು ಎಲ್ಲವನ್ನೂ ‘ನೊಪ್ಪಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನೋವು ಎಂದರೆ ನೋವಿನ ಮಾತ್ರೆ ಸಿಗುತ್ತದೆ. ಜೋಮು ಇದ್ದರೆ ‘ತಿಮ್ಮಿರಿ’ ಎಂದು ಸ್ಪಷ್ಟವಾಗಿ ಹೇಳಿ. ಯಾವ ಬೆರಳು, ಹಗಲೋ ರಾತ್ರಿಯೋ, ಯಾವ ಕೆಲಸ ಮಾಡುವಾಗ ಎಂಬ ಮೂರು ಸಂಗತಿ ಹೇಳಿ. ಹೇಳಲು ಕಷ್ಟವಾದರೆ ಮಗುವಿನಿಂದ ಚೀಟಿಯಲ್ಲಿ ತೆಲುಗಿನಲ್ಲಿ ಬರೆಸಿಕೊಂಡು ಹೋಗಿ. ನಮ್ಮ ಮಕ್ಕಳು ಎರಡು ಲಿಪಿ ಕಲಿತಿರುವುದು ಇಂಥ ಹೊತ್ತಿಗೂ ಉಪಯೋಗಕ್ಕೆ ಬರಲಿ.

ಮೆಡಿಕಲ್ ಶಾಪಿನಿಂದ ದಿನವೂ ನೋವಿನ ಮಾತ್ರೆ ತಂದು ನುಂಗುವುದು ಬೇಡ. ಅಂಥ ಎಷ್ಟೋ ಮಾತ್ರೆಗಳು ಬಹುಕಾಲ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು. ಇನ್ನೊಂದು ಎಚ್ಚರಿಕೆ: ಒಂದು ಕಡೆಯ ಕೈ ಥಟ್ಟನೆ ಶಕ್ತಿಗುಂದಿ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಅಥವಾ ಎದೆಯ ಒತ್ತಡದೊಂದಿಗೆ ಕೈನೋವು ಬಂದರೆ ಅದು ದಣಿವಲ್ಲ. ತಕ್ಷಣ 108ಕ್ಕೆ ಫೋನ್ ಮಾಡಿ.

ಮಕ್ಕಳ ಕೈ

ಈಗ ಮಕ್ಕಳ ಮಾತಿಗೆ ಬರೋಣ. ನಮ್ಮ ಮಕ್ಕಳು ಕನ್ನಡ, ತೆಲುಗು, ಇಂಗ್ಲಿಷ್ ಬರೆಯುತ್ತಾರೆ, ಮೇಲಿನ ತರಗತಿಗಳಲ್ಲಿ ಹಿಂದಿಯೂ ಸೇರುತ್ತದೆ. ಆಂಧ್ರದ ಪಠ್ಯಕ್ರಮಕ್ಕೆ ಸರಿಯಾಗಿ ಕನ್ನಡದಲ್ಲಿ ಅಂಗಡಿಯಲ್ಲಿ ಸಿಗುವ ಗೈಡುಗಳು ಕಡಿಮೆ. ಗಡಿಯಾಚೆಯಿಂದ ತಂದ ಪುಸ್ತಕದ ಪಾಠಗಳು ಹೊಂದುವುದಿಲ್ಲ. ಹಾಗಾಗಿ ಮಾಸ್ತರು ಬೋರ್ಡಿನ ಮೇಲೆ ಬರೆಯುತ್ತಾರೆ, ಮಗು ಪುಟಗಟ್ಟಲೆ ಇಳಿಸಿಕೊಳ್ಳುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹೆಚ್ಚಿನ ಪತ್ರಿಕೆಗಳಿಗೆ ಮೂರು ಗಂಟೆ ಬರೆಯಬೇಕು. ಕೊನೆಯ ಅರ್ಧ ಗಂಟೆಯಲ್ಲಿ ಅಕ್ಷರ ಚೆದುರುವುದು, ಗೊತ್ತಿದ್ದ ಉತ್ತರವನ್ನೂ ಎರಡು ಸಾಲಿಗೆ ಮೊಟಕುಗೊಳಿಸುವುದು ಎಷ್ಟೋ ಸಲ ಕೈ ಸೋತದ್ದರಿಂದ. ಇದನ್ನು ಸೋಮಾರಿತನ ಎಂದು ಬೈಯುವ ಮೊದಲು ಮಗುವಿನ ಕೈ ನೋಡಿ. ಬೆರಳ ತುದಿ ಬಿಳಚಿಕೊಂಡಿದೆಯೇ? ಬರೆದ ಹಾಳೆಯ ಹಿಂಬದಿ ಮುಟ್ಟಿದರೆ ಅಕ್ಷರಗಳು ಉಬ್ಬಿವೆಯೇ? ಹಾಗಿದ್ದರೆ ಮಗು ಪೆನ್ನನ್ನು ಅಗತ್ಯಕ್ಕಿಂತ ಬಿಗಿಯಾಗಿ ಹಿಡಿದು ಒತ್ತುತ್ತಿದೆ.

ಇದಕ್ಕೆ ಮನೆಯಲ್ಲೇ ಮಾಡಬಹುದಾದದ್ದು ಬಹಳವಿದೆ. ತೆಳ್ಳನೆಯ ಪೆನ್ನಿಗೆ ಹಿಡಿಯುವ ಜಾಗದಲ್ಲಿ ಬಟ್ಟೆಯ ಪಟ್ಟಿ ಸುತ್ತಿ ಸ್ವಲ್ಪ ದಪ್ಪ ಮಾಡಿಕೊಡಿ. ತೊಡೆಯ ಮೇಲೆ ಪುಸ್ತಕ ಇಟ್ಟು ಕೂನಿ ಬರೆಯುವ ಬದಲು ಮುಂಗೈ ಊರಲು ಜಾಗವಿರುವಂತೆ ಮಣೆಯೋ ಪೆಟ್ಟಿಗೆಯೋ ಮುಂದಿಡಿ. ಇಡೀ ಕೈ ಊರಿದ್ದರೆ ಬೆರಳಿಗೆ ಭಾರ ಕಡಿಮೆ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ಒತ್ತಾಯಿಸಬೇಡಿ, ಪುಸ್ತಕವನ್ನು ಅದಕ್ಕೆ ಅನುಕೂಲವಾಗುವಂತೆ ಓರೆ ಇಡಲು ಬಿಡಿ. ಹೋಂವರ್ಕ್ ಮುಗಿದ ಕೂಡಲೇ ಅದೇ ಕೈಗೆ ಮೊಬೈಲ್ ಕೊಟ್ಟರೆ ಹೆಬ್ಬೆರಳಿಗೆ ವಿಶ್ರಾಂತಿಯೇ ಇಲ್ಲ. ಅದರ ಬದಲು ಅಂಗಳಕ್ಕೆ ಕಳಿಸಿ. ಪರೀಕ್ಷೆಗೆ ಮುಂಚಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಗಡಿಯಾರ ಇಟ್ಟುಕೊಂಡು ಬರೆಯುವ ಅಭ್ಯಾಸ ಮಾಡಿಸಿ, ಮೊದಲು ಒಂದು ಗಂಟೆ, ಆಮೇಲೆ ಎರಡು, ಆಮೇಲೆ ಮೂರು. ಪ್ರತಿ ಉತ್ತರ ಮುಗಿದಾಗ ಪೆನ್ನು ಕೆಳಗಿಟ್ಟು, ಬೆರಳು ಬಿಡಿಸಿ, ಹತ್ತು ಎಣಿಸುವುದನ್ನು ಕಲಿಸಿ. ಮೂರು ಗಂಟೆಯ ಪರೀಕ್ಷೆಯಲ್ಲಿ ಇದಕ್ಕೆ ಹೋಗುವ ಸಮಯ ನಾಲ್ಕೈದು ನಿಮಿಷ ಮಾತ್ರ.

ಶಿಕ್ಷಕ ಬಂಧುಗಳಲ್ಲಿಯೂ ಒಂದು ವಿನಂತಿ. ತಪ್ಪಿಗೆ ಶಿಕ್ಷೆಯಾಗಿ ನೂರು ಸಲ ಬರೆಸುವ ಪದ್ಧತಿ ಕೈಬಿಡೋಣ. ಐದು ಸಲ ಸರಿಯಾಗಿ ಬರೆದರೆ ಕಲಿಕೆ, ನೂರು ಸಲ ಬರೆದರೆ ಕೈನೋವು ಮತ್ತು ಭಾಷೆಯ ಮೇಲೆ ಬೇಸರ. ಮಧ್ಯಾಹ್ನದ ಮೊದಲ ಪೀರಿಯಡ್ ಶುರುವಾಗುವಾಗ ಇಡೀ ತರಗತಿ ಎದ್ದುನಿಂತು ಈ ಚಲನೆಗಳನ್ನು ಮಾಡಲಿ. ಎಣಿಕೆ ಒಂದು ದಿನ ಕನ್ನಡದಲ್ಲಿ, ಒಂದು ದಿನ ತೆಲುಗಿನಲ್ಲಿ ನಡೆಯಲಿ. ಮಕ್ಕಳಿಗೆ ಆಟವೂ ಆಯಿತು.

ಕೊನೆಯದಾಗಿ ಒಂದು ಕೆಲಸ ಮಕ್ಕಳಿಗೇ ವಹಿಸೋಣ. ಶಾಲೆಯಲ್ಲಿ ಕಲಿತದ್ದನ್ನು ಸಂಜೆ ಮನೆಯಲ್ಲಿ ಅಮ್ಮನಿಗೆ, ಅಪ್ಪನಿಗೆ, ಅಜ್ಜಿಗೆ ಹೇಳಿಕೊಡುವುದು. ಗಂಟೆಗೊಮ್ಮೆ “ಅಮ್ಮಾ, ಕತ್ತರಿ ಕೆಳಗಿಡು, ಕೈ ಚಾಚು” ಎಂದು ನೆನಪಿಸುವುದು. ತಾಯಂದಿರೇ, ಮಗಳು ಹಾಗೆ ಹೇಳಿದಾಗ ಕತ್ತರಿಯನ್ನು ನಿಜವಾಗಿ ಕೆಳಗಿಡಿ, ಅವಳ ಕೈಗೆ ಕೊಡಬೇಡಿ. 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಮನೆಯ ಕಸುಬಿನಲ್ಲಿ ಮಕ್ಕಳು ನೆರವಾಗುವುದಕ್ಕೆ ಅವಕಾಶ ಕೊಟ್ಟಿರುವುದೂ ಶಾಲೆಯ ವೇಳೆಯ ನಂತರ ಮತ್ತು ರಜೆಯಲ್ಲಿ ಮಾತ್ರ, ಅದೂ ಅಪಾಯದ ಕೆಲಸಗಳಲ್ಲಲ್ಲ. ಬೆಳಗಿನ ಹೊತ್ತು ಅವಳ ಕೈಯಲ್ಲಿ ಇರಬೇಕಾದದ್ದು ಪೆನ್ನು.

ಮುಂದಿನ ಸಭೆಗೆ ಬರುವಾಗ ಎಷ್ಟು ಮನೆಗಳಲ್ಲಿ ಇದು ನಡೆಯಿತು, ಯಾರಿಗೆ ಅನುಕೂಲವಾಯಿತು, ಯಾರಿಗೆ ಆಗಲಿಲ್ಲ ಎಂದು ದಯವಿಟ್ಟು ತಿಳಿಸಿ. ಆಗದಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯವಸ್ಥೆ ನಾವು ನಾವೇ ಮಾಡಿಕೊಳ್ಳೋಣ. ಈಗ ಎಲ್ಲರೂ ಒಮ್ಮೆ ಎದ್ದುನಿಲ್ಲಿ. ಬಲಗೈ ಮುಂದೆ, ಅಂಗೈ ಎದುರಿಗೆ. ಎಣಿಸೋಣ.